ಬಿಗಿಯಿಲ್ಲದ ತೋಳು, ಭಾರವಿರುವ ಮೈ: ಜೂಡೊ ಎಸೆತ ನಡೆಯುವ ಬಗೆ

ಜೂಡೊ ಕಲಿಯಲು ಸೇರಿದವರು ಮೊದಲ ಕೆಲವು ತಿಂಗಳು ಅತಿ ಹೆಚ್ಚು ಸಲ ಕೇಳಿಸಿಕೊಳ್ಳುವ ಮಾತು ‘ಭುಜ ಸಡಿಲ ಬಿಡಿ’ ಎಂಬುದು. ಮಾತನ್ನು ನಂಬಿ ಭುಜ ಸಡಿಲ ಬಿಟ್ಟರೆ ಎದುರಿಗಿರುವವರು ಕೊರಳಪಟ್ಟಿ ಹಿಡಿದೆಳೆದು ಸಲೀಸಾಗಿ ಕೆಡವುತ್ತಾರೆ. ಬಿದ್ದವರು ಎದ್ದು ನಿಂತು, ಇನ್ನೊಮ್ಮೆ ಬೀಳಬಾರದೆಂದು ಮೊದಲಿಗಿಂತ ಹೆಚ್ಚು ಬಿಗಿಯಾಗುತ್ತಾರೆ. ಗುರುಗಳು ಮತ್ತೆ ಅದೇ ಮಾತು ಹೇಳುತ್ತಾರೆ. ನಾನು ಈ ಸುತ್ತಿನಲ್ಲಿ ಬಹಳ ಕಾಲ ಸಿಕ್ಕಿಕೊಂಡಿದ್ದೆ. ಸಡಿಲ ಬಿಡಿ ಎನ್ನುವವರು ಏನನ್ನು ಸಡಿಲ ಬಿಡಬೇಕು, ಏನನ್ನು ಬಿಡಬಾರದು ಎಂದು ಬಿಡಿಸಿ ಹೇಳುವುದು ಅಪರೂಪ. ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದು ಹಾಗೆಯೇ ಉಳಿದುಬಿಡುತ್ತದೆ: ಸ್ನಾಯುಗಳ ಬಿಗಿಯನ್ನೇ ಬಿಟ್ಟ ಮೇಲೆ, 70 ಕಿಲೋ ತೂಗುವ ಇನ್ನೊಂದು ದೇಹವನ್ನು ನೆಲದಿಂದ ಕಿತ್ತು ಎಸೆಯುವ ಬಲ ಬರುವುದಾದರೂ ಎಲ್ಲಿಂದ?

ಬಲ ಬರುವುದು ಭಾರದಿಂದ. ಎಸೆಯುವವರ ಮೈಭಾರ, ಬೀಳುವವರ ಮೈಭಾರ, ಇವೆರಡನ್ನೂ ಸದಾ ಕೆಳಗೆ ಎಳೆಯುತ್ತಿರುವ ಭೂಮಿಯ ಆಕರ್ಷಣೆ: ಎಸೆತದ ದೊಡ್ಡ ಕೆಲಸವನ್ನು ಮಾಡುವುದು ಇವು. ತೋಳು ಮತ್ತು ಭುಜದ ಬಿಗಿ ಈ ಭಾರ ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ದಾರಿಗೆ ಅಡ್ಡ ನಿಲ್ಲುತ್ತದೆ. ಸಡಿಲ ಬಿಡುವುದೆಂದರೆ ಆ ಅಡ್ಡಿಯನ್ನು ತೆಗೆಯುವುದು. ಇದನ್ನು ಅರ್ಥ ಮಾಡಿಕೊಳ್ಳಲು ಗೂಢವಾದ ಪೂರ್ವದೇಶದ ತತ್ತ್ವಜ್ಞಾನವೇನೂ ಬೇಕಿಲ್ಲ. ಹೈಸ್ಕೂಲಿನಲ್ಲಿ ಓದಿದ ಸನ್ನೆಕೋಲಿನ ಲೆಕ್ಕ ಮತ್ತು ಸ್ವಲ್ಪ ತಾಳ್ಮೆ ಸಾಕು.

ಜೂಡೊ ಪದದ ಮೊದಲ ಅಕ್ಷರವಾದ ‘ಜೂ’ ಎಂಬುದಕ್ಕೆ ಮೃದು, ಬಾಗುವಂಥದ್ದು, ಮಣಿಯುವಂಥದ್ದು ಎಂಬ ಅರ್ಥಗಳಿವೆ. ಮೃದುವಾದದ್ದು ಗಡುಸಾದದ್ದನ್ನು ಅಂಕೆಯಲ್ಲಿಡುತ್ತದೆ ಎಂಬ ಹಳೆಯ ಚೀನೀ ಸೂಕ್ತಿ ಜಪಾನಿನ ಹಳೆಯ ಕಾಳಗದ ವಿದ್ಯೆಯಾದ ಜುಜುತ್ಸುವಿನ ಪರಂಪರೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿತ್ತು. 1860ರಲ್ಲಿ ಹುಟ್ಟಿದ ಕಾನೊ ಜಿಗೊರೊ ಅಂಥ ಎರಡು ಪರಂಪರೆಗಳನ್ನು, ಅಂದರೆ ತೆಂಜಿನ್ ಶಿನ್ಯೊ ರ್ಯೂ ಮತ್ತು ಕಿತೊ ರ್ಯೂಗಳನ್ನು ಅಭ್ಯಾಸ ಮಾಡಿದವರು. 1882ರಲ್ಲಿ ಟೋಕಿಯೊದ ಎಯಿಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಕೊಡೊಕಾನ್ ಎಂಬ ತಮ್ಮ ಶಾಲೆಯನ್ನು ತೆರೆದು ಜೂಡೊವನ್ನು ರೂಪಿಸಿದವರು. ಅವರು ಕುಳ್ಳಗೆ, ಹಗುರವಾಗಿದ್ದರು. ಎಳೆಯ ವಯಸ್ಸಿನಲ್ಲಿ ತಮಗಿಂತ ಬಹಳ ದಪ್ಪನಾದ ಸಹಪಾಠಿಯೊಬ್ಬರನ್ನು ಕೆಡವಲಾಗದೆ, ಸುಮೊ ಪಟ್ಟುಗಳನ್ನೂ ಪಾಶ್ಚಾತ್ಯ ಕುಸ್ತಿಯ ಪುಸ್ತಕಗಳನ್ನೂ ತಡಕಾಡಿ, ಕೊನೆಗೆ ಎದುರಾಳಿಯನ್ನು ಹೆಗಲ ಮೇಲೆ ಅಡ್ಡಲಾಗಿ ಹೊತ್ತು ಕೆಡವುವ ‘ಕಾತಾ ಗುರುಮಾ’ ಎಂಬ ಎಸೆತವನ್ನು ಕಂಡುಕೊಂಡದ್ದನ್ನು ಅವರೇ ಹೇಳಿಕೊಂಡಿದ್ದಾರೆ. ತಮಗಿಂತ ಭಾರವಾದವರೊಡನೆ ಸೆಣಸಬೇಕಾಗಿ ಬಂದ ಮನುಷ್ಯನಿಗೆ ಈ ಮೃದುತ್ವವೆಂಬುದು ಪರೀಕ್ಷಿಸಿ ನೋಡಲೇಬೇಕಾದ ಪ್ರಶ್ನೆಯಾಗಿತ್ತು.

ಕಾನೊ ಕೊಟ್ಟ ಲೆಕ್ಕ ಹೀಗಿದೆ. ಎದುರಾಳಿಯ ಬಲ 10 ಎಂದಿರಲಿ, ನನ್ನದು 7. ಆತ ತನ್ನ 10ನ್ನೂ ಹಾಕಿ ನನ್ನನ್ನು ನೂಕಿದಾಗ ನಾನು 7ನ್ನೂ ಹಾಕಿ ಎದುರಿಸಿದರೆ ಸೋಲು ಖಚಿತ. ಎದುರಿಸದೆ, ಆತ ನೂಕಿದಷ್ಟೇ ಹಿಂದೆ ಸರಿದು, ನನ್ನ ನಿಲುವನ್ನು ಮಾತ್ರ ಕಾಪಾಡಿಕೊಂಡರೆ, ಆಧಾರ ಸಿಗದ ಆತ ಮುಂದಕ್ಕೆ ಮುಗ್ಗರಿಸುತ್ತಾನೆ. ಮುಗ್ಗರಿಸಿದ ಸ್ಥಿತಿಯಲ್ಲಿ ಆತ ಬಳಸಬಲ್ಲ ಬಲ 3ಕ್ಕೆ ಇಳಿದಿರುತ್ತದೆ. ನನ್ನ 7 ಹಾಗೆಯೇ ಇರುತ್ತದೆ. ಅದರಲ್ಲಿ ಅರ್ಧವನ್ನು ಬಳಸಿದರೂ ಆತನನ್ನು ಕೆಡವಬಹುದು. ಈ ಲೆಕ್ಕದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆತನ ಸ್ನಾಯುಗಳ ಶಕ್ತಿ ಒಂದಿಷ್ಟೂ ಕುಂದಿಲ್ಲ. ಕಾಲ ಕೆಳಗಿನ ನೆಲೆ ತಪ್ಪಿದ್ದರಿಂದ ಅದನ್ನು ಬಳಸುವ ದಾರಿ ಮುಚ್ಚಿದೆ. ಸಮತೋಲವನ್ನು ಹೀಗೆ ಒಡೆಯುವುದಕ್ಕೆ ಜೂಡೊದಲ್ಲಿ ‘ಕುಜುಶಿ’ ಎನ್ನುತ್ತಾರೆ. ನೆಲೆ ತಪ್ಪಿದವರಿಗೆ ತಕ್ಕಂತೆ ತನ್ನ ಮೈಯನ್ನು ಹೊಂದಿಸಿಕೊಳ್ಳುವುದು ‘ತ್ಸುಕುರಿ’, ಕೊನೆಗೆ ಕೆಡವುವುದು ‘ಕಾಕೆ’. ಈ ಮೂರರಲ್ಲಿ ಕಾಕೆಗೆ ಮಾತ್ರ ಗಣನೀಯವಾದ ಸ್ನಾಯುಬಲ ಬೇಕು, ಅದೂ ಮೊದಲೆರಡು ಸರಿಯಾಗಿದ್ದರೆ ಸ್ವಲ್ಪವೇ ಸಾಕು.

ಎಷ್ಟು ಸ್ವಲ್ಪ ಎಂಬುದನ್ನು ಅಂಕಿಗಳಲ್ಲೇ ನೋಡೋಣ. ನಿಂತಿರುವ ವಯಸ್ಕರ ಗುರುತ್ವ ಕೇಂದ್ರ ಹೊಕ್ಕುಳಿಗಿಂತ ಕೆಲವು ಬೆರಳು ಕೆಳಗೆ, ಮೈಯೊಳಗೆ, ನೆಲದಿಂದ ಸುಮಾರು ಅವರ ಎತ್ತರದ 55 ಶೇಕಡದ ಮಟ್ಟದಲ್ಲಿರುತ್ತದೆ. ಜಪಾನಿನ ಯುದ್ಧಕಲೆಗಳು ‘ತಾಂದೆನ್’ ಎಂದು ಕರೆದು ಮತ್ತೆ ಮತ್ತೆ ಗಮನ ಸೆಳೆಯುವ ಜಾಗವೂ ಹೆಚ್ಚುಕಡಿಮೆ ಇದೇ. ಈ ಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಎರಡು ಪಾದಗಳು ಸುತ್ತುವರಿದ ಜಾಗದೊಳಗೆ ಬೀಳುವವರೆಗೆ ಮನುಷ್ಯ ನಿಂತಿರುತ್ತಾನೆ, ಹೊರಗೆ ಬಿದ್ದರೆ ಬೀಳಲಾರಂಭಿಸುತ್ತಾನೆ. 70 ಕಿಲೋ ತೂಕದವರೊಬ್ಬರ ಲಂಬರೇಖೆ ಅವರ ಮುಂಗಾಲಿನ ಅಂಚಿಗಿಂತ 10 ಸೆಂಟಿಮೀಟರ್ ಒಳಗೆ ಬೀಳುತ್ತಿದೆ, ನಾವು ಅವರ ಎದೆಯನ್ನು 130 ಸೆಂಟಿಮೀಟರ್ ಎತ್ತರದಲ್ಲಿ ಹಿಡಿದು ಮುಂದಕ್ಕೆ ಎಳೆಯುತ್ತಿದ್ದೇವೆ ಎಂದುಕೊಳ್ಳಿ. ಸನ್ನೆಕೋಲಿನ ಲೆಕ್ಕದಂತೆ 70ನ್ನು 10ರಿಂದ ಗುಣಿಸಿ 130ರಿಂದ ಭಾಗಿಸಿದರೆ ಬರುವುದು ಸುಮಾರು 5.4. ಅಂದರೆ ಆ ವ್ಯಕ್ತಿ ಪ್ರತಿಕ್ರಿಯಿಸದೆ ಕಂಬದಂತೆ ನಿಂತಿದ್ದರೆ, 5.4 ಕಿಲೋ ಭಾರವನ್ನು ಎತ್ತುವಷ್ಟು ಎಳೆತ ಸಾಕು, ಆತ ಮುಂಗಾಲಿನ ಅಂಚಿಗೆ ಬಂದುಬಿಡುತ್ತಾನೆ. ಅರ್ಧ ಬಿಂದಿಗೆ ನೀರು ಎತ್ತಬಲ್ಲವರಿಗೆಲ್ಲ ಸಾಧ್ಯವಾದ ಕೆಲಸ ಅದು.

ನಿಜಜೀವನದಲ್ಲಿ ಅಷ್ಟು ಸುಲಭವಾಗದಿರಲು ಕಾರಣ ಆ ‘ಪ್ರತಿಕ್ರಿಯಿಸದೆ’ ಎಂಬ ಒಂದು ಪದ. ಜೀವಂತ ಮನುಷ್ಯ ಎಳೆತವನ್ನು ಗ್ರಹಿಸುತ್ತಾನೆ, ಹಿಂದಕ್ಕೆ ವಾಲುತ್ತಾನೆ, ಕಾಲು ಮುಂದಿಡುತ್ತಾನೆ. ಹಾಗಾದರೆ ಎಸೆಯುವವರ ಮುಂದಿರುವ ನಿಜವಾದ ಸಮಸ್ಯೆ ಹೆಚ್ಚು ಬಲ ತರುವುದಲ್ಲ. ಎದುರಾಳಿಗೆ ತಿಳಿಯುವ ಮೊದಲೇ ಬೇಕಾದ ಅಲ್ಪಬಲವನ್ನು ಸರಿಯಾದ ದಿಕ್ಕಿನಲ್ಲಿ ತಲುಪಿಸುವುದು. ಬಿಗಿ ಯಾಕೆ ಶತ್ರುವಾಗುತ್ತದೆ ಎಂಬುದು ಇಲ್ಲಿಂದ ಸ್ಪಷ್ಟವಾಗತೊಡಗುತ್ತದೆ.

ಮೊಣಕೈಯನ್ನು ಮಡಿಸುವ ಸ್ನಾಯು ತೋಳಿನ ಮುಂಭಾಗದಲ್ಲಿದೆ, ಚಾಚುವ ಸ್ನಾಯು ಹಿಂಭಾಗದಲ್ಲಿದೆ. ಮನುಷ್ಯ ಹೆದರಿದಾಗ ಅಥವಾ ‘ಶಕ್ತಿ ಹಾಕಬೇಕು’ ಎಂದುಕೊಂಡಾಗ ಎರಡೂ ಒಟ್ಟಿಗೆ ಬಿಗಿಯಾಗುತ್ತವೆ. ಎರಡು ಎತ್ತುಗಳನ್ನು ಒಂದೇ ಬಂಡಿಯ ಎರಡು ತುದಿಗೆ ಕಟ್ಟಿ ಎದುರುಬದುರು ದಿಕ್ಕಿಗೆ ಹೊಡೆದ ಹಾಗೆ, ದಣಿವು ಬಹಳ, ಚಲನೆ ಕಡಿಮೆ. ಎಳೆಯುವವರ ತೋಳಿನ ಶಕ್ತಿಯ ಒಂದು ಪಾಲು ಅವರದೇ ತೋಳಿನ ಇನ್ನೊಂದು ಪಾಲಿನೊಡನೆ ಹೋರಾಡಿ ಮುಗಿದುಹೋಗುತ್ತದೆ. ಅಷ್ಟು ಸಾಲದೆಂಬಂತೆ, ಬಿಗಿಯಾದ ಸ್ನಾಯು ದಿಕ್ಕು ಬದಲಿಸಬೇಕಾದರೆ ಮೊದಲು ಬಿಗಿ ಬಿಡಬೇಕು, ಆಮೇಲೆ ಬೇರೆ ಕೆಲಸ ಹಿಡಿಯಬೇಕು. ಎಸೆತದ ಅವಕಾಶ ತೆರೆದಿರುವುದು ಒಂದು ಸೆಕೆಂಡಿನ ಸಣ್ಣ ಭಾಗದಷ್ಟು ಹೊತ್ತು ಮಾತ್ರವಾದ್ದರಿಂದ ಆ ವಿಳಂಬದಲ್ಲಿ ಅದು ಮುಚ್ಚಿಹೋಗುತ್ತದೆ.

ಇನ್ನೊಂದು ತೊಂದರೆ ಸುದ್ದಿಯದು. ಜೂಡೊದಲ್ಲಿ ಇಬ್ಬರೂ ಪರಸ್ಪರರ ಅಂಗಿಯನ್ನು ಹಿಡಿದಿರುತ್ತಾರೆ. ಬಿಗಿದ ತೋಳು ಮರದ ಕೋಲಿನಂತೆ. ಒಂದು ತುದಿಯಲ್ಲಿ ನಡೆದದ್ದು ಮರುಕ್ಷಣ ಇನ್ನೊಂದು ತುದಿಗೆ ತಿಳಿಯುತ್ತದೆ. ನಾನು ಬಲಕ್ಕೆ ತಿರುಗಬೇಕೆಂದು ಸೊಂಟ ಸಿದ್ಧಮಾಡಿಕೊಂಡರೆ ಆ ಸಿದ್ಧತೆ ನನ್ನ ಗಡಸು ತೋಳಿನ ಮೂಲಕ ಎದುರಾಳಿಯ ಎದೆಗೆ ಹೋಗಿ ಮುಟ್ಟುತ್ತದೆ. ಹಾಗೆಯೇ ಆತ ನನ್ನನ್ನು ಎಲ್ಲಿಗೆ ನೂಕಿದರೂ ನಾನು ಇಡಿಯಾಗಿ ಅಲ್ಲಿಗೆ ಹೋಗುತ್ತೇನೆ, ಏಕೆಂದರೆ ಬಿಗಿದುಕೊಂಡು ಒಂದೇ ತುಂಡಾಗಿರುವ ನನಗೆ ನನ್ನ ತೋಳೇ ಹಿಡಿಕೆಯಾಗಿದೆ. ಸಡಿಲವಾದ ತೋಳು ಸುದ್ದಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹೊರಗೆ ಕಳಿಸುವುದಿಲ್ಲ. ಎದುರಾಳಿಯ ಭಾರ ಯಾವ ಪಾದಕ್ಕೆ ಸರಿಯುತ್ತಿದೆ ಎಂಬುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯಬೇಕು. ಆದರೆ ತನ್ನದೇ ಬಿಗಿಯಿಂದ ಭೋರ್ಗರೆಯುತ್ತಿರುವ ಕೈಗೆ ಅಂಥ ಸಣ್ಣ ದನಿಗಳು ಕೇಳಿಸುವುದಿಲ್ಲ.

ಜಗ್ಗನೆ ಎಳೆಯುವುದೂ ಇದೇ ಕಾರಣಕ್ಕೆ ಕೆಟ್ಟದ್ದು. ವೈದ್ಯರು ಮೊಣಕಾಲ ಚಿಪ್ಪಿನ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನಾಗಿ ಮುಂದಕ್ಕೆ ಚಿಮ್ಮುತ್ತದಷ್ಟೆ? ಥಟ್ಟನೆ ಹಿಗ್ಗಿಸಲ್ಪಟ್ಟ ಸ್ನಾಯು ಮೆದುಳಿನ ಅಪ್ಪಣೆಗೆ ಕಾಯದೆ ಸಂಕುಚಿಸುತ್ತದೆ. ಎದುರಾಳಿಯ ಅಂಗಿಯನ್ನು ಜಗ್ಗಿದಾಗ ಆತನ ಬೆನ್ನು ಮತ್ತು ಕಾಲಿನ ಸ್ನಾಯುಗಳಲ್ಲಿ ಇಂಥದೇ ಪ್ರತಿಕ್ರಿಯೆ ಹುಟ್ಟುತ್ತದೆ. ಅಂದರೆ ಆತನ ಪ್ರತಿರೋಧವನ್ನು ನಾವೇ ಎಬ್ಬಿಸಿರುತ್ತೇವೆ. ಎಳೆತ ಮೆಲ್ಲಗೆ, ತಡೆಯಿಲ್ಲದೆ ಏರುತ್ತ ಹೋದರೆ ಆ ಪ್ರತಿಕ್ರಿಯೆ ಅಷ್ಟು ಜೋರಾಗಿ ಎಚ್ಚೆತ್ತುಕೊಳ್ಳುವುದಿಲ್ಲ, ಎದುರಾಳಿ ತನಗರಿವಿಲ್ಲದೆ ಮುಂಗಾಲಿಗೆ ಬಂದಿರುತ್ತಾನೆ.

ಇಷ್ಟನ್ನು ಓದಿ ಯಾರಾದರೂ ಚಾಪೆಯ ಮೇಲೆ ಹಸಿ ಬಟ್ಟೆಯಂತೆ ಜೋತುಬಿದ್ದು ನಿಂತರೆ ಅದು ನನ್ನ ತಪ್ಪಾಗುತ್ತದೆ. ಸಡಿಲ ಎಂಬುದಕ್ಕೂ ಜೋಲು ಎಂಬುದಕ್ಕೂ ಇರುವ ಅಂತರವೇ ಈ ವಿಷಯದ ತಿರುಳು. ರಾಟೆಯ ಬಾವಿಯಲ್ಲಿ ನೀರು ಸೇದುವ ಹಗ್ಗವನ್ನು ನೆನಪಿಸಿಕೊಳ್ಳಿ. ಹಗ್ಗಕ್ಕೆ ತನ್ನದೇ ಆದ ಗಡಸುತನವಿಲ್ಲ, ಯಾವ ಕಡೆಗಾದರೂ ಬಾಗುತ್ತದೆ. ಆದರೆ ಕೊಡ ತುಂಬಿ ಮೇಲೇಳುವ ಹೊತ್ತಿಗೆ ಅದರಲ್ಲಿ ಒಂದಿಂಚೂ ಇಳಿಬಿಟ್ಟ ಭಾಗವಿರುವುದಿಲ್ಲ, ಸೇದುವವರ ಪ್ರತಿ ಚಲನೆಯೂ ನಷ್ಟವಿಲ್ಲದೆ ಕೊಡಕ್ಕೆ ಮುಟ್ಟುತ್ತದೆ. ಎಸೆಯುವವರ ತೋಳು ಹೀಗಿರಬೇಕು. ಬೆರಳುಗಳು, ಅದರಲ್ಲೂ ಕಿರುಬೆರಳು ಮತ್ತು ಉಂಗುರಬೆರಳು, ಬಟ್ಟೆಯನ್ನು ಕಚ್ಚಿಕೊಂಡಿರುತ್ತವೆ; ಮಣಿಕಟ್ಟು, ಮೊಣಕೈ, ಭುಜ ತೆರೆದಿರುತ್ತವೆ; ಬಟ್ಟೆಯ ಸುಕ್ಕು ಮತ್ತು ತೋಳಿನ ಜೋಲು ಎರಡನ್ನೂ ಮೊದಲೇ ಎಳೆದು ತೆಗೆದಾಗಿರುತ್ತದೆ. ಬೆನ್ನುಮೂಳೆ ನೆಟ್ಟಗಿರುತ್ತದೆ. ಜೂಡೊದ ಸಹಜ ನಿಲುವಿಗೆ ‘ಶಿಜೆನ್‌ತಾಯ್’ ಎಂದು ಹೆಸರು. ಮನುಷ್ಯ ಸುಮ್ಮನೆ ನಿಂತಾಗ ನಿಲ್ಲುವ ರೀತಿ ಅದು, ನಿಲ್ಲಲು ಬೇಕಾದಷ್ಟು ಬಿಗಿ ಮಾತ್ರ ಅದರಲ್ಲಿರುತ್ತದೆ.

ಬಾವಿಯ ಉದಾಹರಣೆಯಲ್ಲಿ ಇನ್ನೊಂದು ಪಾಠವೂ ಅಡಗಿದೆ. ಅಭ್ಯಾಸವಿಲ್ಲದವರು ತೋಳಿನಿಂದ ಸೇದುತ್ತಾರೆ, ನಾಲ್ಕು ಕೊಡಕ್ಕೆ ಸುಸ್ತಾಗುತ್ತಾರೆ. ದಿನವೂ ಸೇದುವವರು ತೋಳನ್ನು ಚಾಚಿ ಹಗ್ಗ ಹಿಡಿದು, ಮೈಯನ್ನೇ ಹಿಂದಕ್ಕೆ ವಾಲಿಸುತ್ತಾರೆ. ಒನಕೆ ಹಿಡಿದು ಭತ್ತ ಕುಟ್ಟುವಾಗಲೂ ಹೀಗೆಯೇ: ಎತ್ತುವುದಕ್ಕೆ ಶ್ರಮ, ಕುಟ್ಟುವುದು ಒನಕೆಯ ಭಾರ, ಇಳಿಯುವ ಒನಕೆಯನ್ನು ಬಿಗಿಯಾಗಿ ಹಿಡಿದವರು ಅದರ ಬೀಳುವಿಕೆಯನ್ನೇ ತಡೆಯುತ್ತಾರೆ.

ಎಸೆತದಲ್ಲಿ ಮೈಭಾರ ಮೂರು ಬಗೆಯಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲನೆಯದು ವಾಲುವುದು. 60 ಕಿಲೋ ತೂಕದ ನಾನು ನನ್ನ ಗುರುತ್ವ ಕೇಂದ್ರವನ್ನು ಪಾದದ ಅಂಚಿನಿಂದ 10 ಸೆಂಟಿಮೀಟರ್ ಹಿಂದಕ್ಕೆ ಹಾಯಿಸಿ, 120 ಸೆಂಟಿಮೀಟರ್ ಎತ್ತರದಲ್ಲಿ ಎದುರಾಳಿಯ ಅಂಗಿಗೆ ನೇತುಕೊಂಡರೆ, ಅದೇ ಸನ್ನೆಕೋಲಿನ ಲೆಕ್ಕದಿಂದ ಆತನ ಮೇಲೆ ಬೀಳುವ ಅಡ್ಡ ಎಳೆತ 5 ಕಿಲೋ. ಆತನನ್ನು ಮುಂಗಾಲಿಗೆ ತರಲು ಬೇಕಾಗಿದ್ದದ್ದು 5.4 ಎಂಬುದನ್ನು ನೆನಪಿಡಿ. ತೋಳಿನ ಸ್ನಾಯು ಎಳೆಯದೆ, ಒಂದು ಗೇಣಿಗೂ ಕಡಿಮೆ ದೂರ ಮೈಯನ್ನು ಜರುಗಿಸಿದ್ದರಿಂದ ಹೆಚ್ಚುಕಡಿಮೆ ಅಷ್ಟೂ ಬಲ ಸಿಕ್ಕಿಬಿಟ್ಟಿದೆ. ಆದರೆ ಇದು ಎದುರಾಳಿಯಿಂದ ಪಡೆದ ಸಾಲ: ಆತ ಆ ಕ್ಷಣ ಮುಂದೆ ಬಂದುಬಿಟ್ಟರೆ ಹಿಂದಕ್ಕೆ ಬೀಳುವವನು ನಾನು. ಆದ್ದರಿಂದ ನುರಿತವರು ವಾಲಿದ ಮರುಕ್ಷಣವೇ ಪಾದವನ್ನು ಮೈಯ ಕೆಳಗೆ ತಂದುಕೊಳ್ಳುತ್ತಾರೆ.

ಎರಡನೆಯದು ಚಲನೆ. 60 ಕಿಲೋ ಮೈ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ, ಅಂದರೆ ನಿಧಾನ ನಡಿಗೆಯ ವೇಗದಲ್ಲಿ, ತಿರುಗಿ ಸರಿದು 0.1 ಸೆಕೆಂಡಿನೊಳಗೆ ಎದುರಾಳಿಯ ಅಂಗಿಯ ಮೂಲಕ ತಡೆಯಲ್ಪಟ್ಟರೆ ಆ ಹೊತ್ತಿನ ಸರಾಸರಿ ಬಲ 600 ನ್ಯೂಟನ್, ಸುಮಾರು 61 ಕಿಲೋ ಭಾರದಷ್ಟು. ತೋಳಿನಿಂದ ಇಷ್ಟು ಬಲ ತೆಗೆಯುವುದು ಹೆಚ್ಚಿನವರಿಗೆ ಕಷ್ಟಸಾಧ್ಯ. ಕಾಲಿನ ಮೇಲೆ ಒಂದು ಹೆಜ್ಜೆ ತಿರುಗುವುದು ಎಲ್ಲರಿಗೂ ಸಾಧ್ಯ. ಜೂಡೊದಲ್ಲಿ ‘ತಾಯ್ ಸಬಾಕಿ’ ಎಂಬ ಮೈತಿರುವಿನ ಅಭ್ಯಾಸಕ್ಕೆ ಅಷ್ಟೊಂದು ಒತ್ತು ಕೊಡುವುದು ಇದಕ್ಕಾಗಿ. ಎದುರಾಳಿಯನ್ನು ಮುಂದಿನ ಮೂಲೆಗೆ ಎಳೆದು, ಆತನ ಕಾಲಿಗೆ ಅಡ್ಡಲಾಗಿ ತನ್ನ ಕಾಲನ್ನು ಚಾಚಿ ಕೆಡವುವ ‘ತಾಯ್ ಒತೊಶಿ’ಯಲ್ಲಿ ಸೊಂಟವೂ ತಗಲುವುದಿಲ್ಲ, ಎತ್ತುವುದೂ ಇಲ್ಲ, ಅಡ್ಡಲಿಟ್ಟ ಕಾಲು ಬರೀ ಹೊಸ್ತಿಲಷ್ಟೆ. ತಿರುಗಿದ ಮೈಯ ಸಂವೇಗ ಕೈಗಳ ಮೂಲಕ ಹರಿದು ಆತನನ್ನು ಹೊಸ್ತಿಲ ಮೇಲಿನಿಂದ ಉರುಳಿಸುತ್ತದೆ. ತೋಳು ನಡುದಾರಿಯಲ್ಲಿ ತನ್ನದೇ ಆದ ಎಳೆತವನ್ನು ಸೇರಿಸಲು ಹೋದರೆ ಮೈಗಿಂತ ಮೊದಲೇ ಮಡಚಿಕೊಂಡು ಆ ಸಂವೇಗವನ್ನು ನುಂಗಿಹಾಕುತ್ತದೆ. ಹೊಸಬರ ತಾಯ್ ಒತೊಶಿ ಕೆಡುವುದು ಬಹುಪಾಲು ಇಲ್ಲಿಯೇ.

ಮೂರನೆಯದು ಬೀಳುವುದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸುಂದರವಾದದ್ದು. ಮುಂದಕ್ಕೆ ನೆಗೆಯಬೇಕಾದರೆ ಕಾಲಿನಿಂದ ನೆಲವನ್ನು ಒದೆಯಬೇಕು. ಒದೆಯುವ ಮೊದಲು ಭಾರವನ್ನು ಆ ಕಾಲಿಗೆ ಹೊಂದಿಸಿಕೊಳ್ಳಬೇಕು. ಆ ಸಿದ್ಧತೆ ಎದುರಾಳಿಗೆ ಕಾಣುತ್ತದೆ. ಮೊಣಕಾಲಿನ ಬಿಗಿಯನ್ನು ಥಟ್ಟನೆ ಬಿಟ್ಟುಬಿಡುವುದಕ್ಕೆ ಅಂಥ ಸಿದ್ಧತೆ ಬೇಡ, ಏಕೆಂದರೆ ಎಳೆಯುವ ಕೆಲಸಕ್ಕೆ ಭೂಮಿ ಯಾವಾಗಲೂ ಸಿದ್ಧವಾಗಿರುತ್ತದೆ. ಜಪಾನಿನಲ್ಲಿ ಇದನ್ನು ಮೊಣಕಾಲನ್ನು ‘ಕಳಚುವುದು’ ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಹೀಗೆ ಕಳಚಿದ ಮೈ 0.2 ಸೆಕೆಂಡಿನಲ್ಲಿ ಸುಮಾರು 20 ಸೆಂಟಿಮೀಟರ್ ಇಳಿದು, ಸೆಕೆಂಡಿಗೆ ಸುಮಾರು 2 ಮೀಟರ್ ವೇಗ ಪಡೆದಿರುತ್ತದೆ. ಅಷ್ಟು ಹೊತ್ತಿಗೆ ಎದುರಾಳಿಯ ಕೊರಳಪಟ್ಟಿಗೆ ನನ್ನ ಪೂರ್ತಿ ಮೈ ತೂಗುಬಿದ್ದಿರುತ್ತದೆ. ಬೆನ್ನಿನ ಮೇಲೆ ಹೊತ್ತು ಎಸೆಯುವ ‘ಸೆಯೊಯಿ ನಾಗೆ’ಯಲ್ಲಿ ಎದುರಾಳಿಯ ಗುರುತ್ವ ಕೇಂದ್ರಕ್ಕಿಂತ ಕೆಳಗೆ ನುಸುಳುವುದು ಹೀಗೆಯೇ. ಮೂಟೆ ಹೊರುವ ಹಮಾಲಿಗಳನ್ನು ಗಮನಿಸಿದರೆ, ಅವರು ಮೂಟೆಯನ್ನು ಮೇಲೆತ್ತಿಕೊಳ್ಳುವುದಿಲ್ಲ, ತಾವೇ ಅದರ ಕೆಳಗೆ ಹೋಗುತ್ತಾರೆ, ಭಾರವನ್ನು ಬೆನ್ನಿಗೂ ಮೂಳೆಗಳಿಗೂ ಹೊರಿಸುತ್ತಾರೆ.

ಬೀಳುವ ಭಾರವನ್ನು ಕೊನೆಯ ಮಿತಿಯವರೆಗೆ ಒಯ್ಯುವ ಪಟ್ಟುಗಳ ಒಂದು ವರ್ಗವೇ ಜೂಡೊದಲ್ಲಿದೆ. ‘ಸುತೆಮಿ ವಾಜಾ’ ಎಂಬ ಅದರ ಹೆಸರಿಗೆ ಮೈಯನ್ನು ತೊರೆದುಬಿಡುವ ಪಟ್ಟು ಎಂದರ್ಥ. ಅವುಗಳಲ್ಲಿ ಪ್ರಸಿದ್ಧವಾದ ‘ತೊಮೊಯೆ ನಾಗೆ’ಯಲ್ಲಿ ಎಸೆಯುವವರು ಎದುರಾಳಿಯ ಕಾಲಬುಡದಲ್ಲಿ ಹಿಮ್ಮುಖವಾಗಿ ಕುಳಿತಂತೆ ಬಿದ್ದು, ಒಂದು ಪಾದವನ್ನು ಆತನ ಕಿಬ್ಬೊಟ್ಟೆಗೆ ಒತ್ತಿ ತಲೆಯ ಮೇಲಿನಿಂದ ಹಾಯಿಸುತ್ತಾರೆ. ನೋಡುವವರಿಗೆ ಇದು ಕಾಲಿನಿಂದ ಒದ್ದು ಹಾರಿಸಿದಂತೆ ಕಾಣುತ್ತದೆ, ಆದರೆ ಕೆಲಸ ಆಗಿರುವುದು ಅದಕ್ಕೆ ಮುಂಚೆಯೇ. 60 ಕಿಲೋ ಭಾರ ಆತನ ಮುಂಗಾಲಿಗಿಂತ 30 ಸೆಂಟಿಮೀಟರ್ ಮುಂದೆ ತೂಗಿದರೆ ಆತನನ್ನು ಮುಂದಕ್ಕೆ ತಿರುಗಿಸುವ ಪರಿಣಾಮ 60ರ 30 ಪಟ್ಟು, ಅಂದರೆ 1800. ಆತನನ್ನು ನಿಲ್ಲಿಸಿರುವ ಅವನದೇ 70 ಕಿಲೋ 10 ಸೆಂಟಿಮೀಟರಿನಿಂದ ಒದಗಿಸುವುದು 700. ಎರಡೂವರೆ ಪಟ್ಟಿಗಿಂತ ಹೆಚ್ಚಿನ ಈ ಅಂತರವನ್ನು ಯಾವ ಬೆನ್ನೂ ತಡೆದುಕೊಳ್ಳಲಾರದು. ಪಾದ ಮಾಡುವ ಕೆಲಸ, ಆಗಲೇ ಬೀಳುತ್ತಿರುವ ದೇಹದ ಕೇಂದ್ರಕ್ಕೆ ದಾರಿ ತೋರಿಸುವುದು. ಅರೆಮನಸ್ಸಿನಿಂದ, ಒಂದು ಪಾಲು ಭಾರವನ್ನು ತನ್ನ ಕಾಲಿನ ಮೇಲೆಯೇ ಉಳಿಸಿಕೊಂಡು ಕುಳಿತರೆ ಈ ಲೆಕ್ಕ ಕುಸಿಯುತ್ತದೆ, ಎದುರಾಳಿ ಆರಾಮವಾಗಿ ಮೇಲೆ ಬಂದು ಒತ್ತಿಹಿಡಿಯುತ್ತಾನೆ.

ಎದುರಾಳಿಯ ಭಾರವನ್ನೇ ಬಳಸುವ ದಾರಿ ಇನ್ನೂ ಮಿತವ್ಯಯದ್ದು. ಮುಂದಿಡುವ ಪಾದವನ್ನು ಅಂಗಾಲಿನಿಂದ ಗುಡಿಸುವ ‘ದೆ ಆಶಿ ಹಾರಾಯಿ’ಯನ್ನು ನೋಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದವರನ್ನು ಯಾರೂ ತಳ್ಳಿರುವುದಿಲ್ಲ; ಭಾರ ಇಳಿಯುತ್ತಿದ್ದ ಕ್ಷಣದಲ್ಲಿ ಪಾದಕ್ಕೆ ನೆಲೆ ಸಿಗಲಿಲ್ಲ, ಅಷ್ಟೆ. ಗುಡಿಸುವ ಪಾದ ಮಾಡುವುದೂ ಅದನ್ನೇ. ಭಾರ ಪೂರ್ತಿ ಕೂತ ಮೇಲೆ ಗುಡಿಸಿದರೆ ಕಂಬಕ್ಕೆ ಒದ್ದಂತಾಗುತ್ತದೆ, ಭಾರ ಬರುವ ಮೊದಲೇ ಗುಡಿಸಿದರೆ ಆತ ಪಾದವನ್ನು ಬೇರೆಡೆ ಇಡುತ್ತಾನೆ. ನಡುವಿನ ಸಣ್ಣ ಸಂಧಿಯನ್ನು ಹಿಡಿಯಲು ಕಣ್ಣು ಸಾಲದು, ಸಡಿಲವಾದ ಕೈ ಬೇಕು. 1883ರಲ್ಲಿ ಹುಟ್ಟಿ 1965ರವರೆಗೆ ಬದುಕಿದ ಮಿಫುನೆ ಕ್ಯೂಜೊ ಈ ಮಾರ್ಗವನ್ನು ತುದಿಗೆ ಒಯ್ದರು. ಸಣ್ಣ ಮೈಕಟ್ಟಿನ ಅವರು ಜೂಡೊದ ಅತ್ಯುನ್ನತ ಶ್ರೇಣಿಯಾದ 10ನೇ ದಾನ್ ಪಡೆದವರು. ಕಾಲಾಗಲಿ ಸೊಂಟವಾಗಲಿ ಎದುರಾಳಿಗೆ ತಗಲದಂತೆ, ಕೈಗಳಿಂದಲೂ ಮೈಯ ಚಲನೆಯಿಂದಲೂ ಮಾತ್ರ ಕೆಡವುವ ಅವರ ಎಸೆತಕ್ಕೆ ಗಾಳಿಯ ಎಸೆತ ಎಂಬರ್ಥದ ‘ಕೂಕಿ ನಾಗೆ’ ಎಂಬ ಹೆಸರು ಬಂತು. ತಮ್ಮ ತತ್ತ್ವವನ್ನು ಅವರು ಚೆಂಡಿಗೆ ಹೋಲಿಸುತ್ತಿದ್ದರು: ಚೆಂಡು ಯಾವ ಕಡೆಗೆ ಉರುಳಿದರೂ ಅದರ ಕೇಂದ್ರ ನೆಲದ ಮೇಲಿನ ಆಧಾರದಿಂದ ತಪ್ಪುವುದಿಲ್ಲ.

ಜಪಾನಿನ ಇನ್ನೊಂದು ಯುದ್ಧಕಲೆಯಾದ ಐಕಿಡೊ ಇದೇ ಪ್ರಶ್ನೆಯನ್ನು ಬೇರೊಂದು ಭಾಷೆಯಲ್ಲಿ ಕೇಳುತ್ತದೆ. ಅದನ್ನು ರೂಪಿಸಿದ ಉಎಶಿಬಾ ಮೊರಿಹೆಯಿ 1915ರಿಂದ ಹೊಕ್ಕೈಡೊದಲ್ಲಿ ತಾಕೆದಾ ಸೊಕಾಕು ಅವರ ಬಳಿ ದೈತೊ ರ್ಯೂ ಎಂಬ ಜುಜುತ್ಸು ಪರಂಪರೆಯನ್ನು ಕಲಿತವರು. ಉಎಶಿಬಾರ ಪ್ರಮುಖ ಶಿಷ್ಯರಲ್ಲೊಬ್ಬರಾದ ತೊಹೆಯಿ ಕೊಯಿಚಿ ಸಡಿಲತೆಯನ್ನು ಬೋಧನೆಯ ಕೇಂದ್ರಕ್ಕೆ ತಂದರು. 1971ರಲ್ಲಿ ಅವರು ಸ್ಥಾಪಿಸಿದ ಕಿ ಸೊಸೈಟಿಯಲ್ಲಿ ಇಂದಿಗೂ ಅವರ ನಾಲ್ಕು ಸೂತ್ರಗಳೇ ಬುನಾದಿ. ಹೊಕ್ಕುಳ ಕೆಳಗಿನ ಒಂದು ಬಿಂದುವಿನಲ್ಲಿ ಮನಸ್ಸನ್ನು ನೆಲೆಗೊಳಿಸುವುದು, ಮೈಯನ್ನು ಪೂರ್ತಿ ಸಡಿಲಿಸುವುದು, ಪ್ರತಿಯೊಂದು ಅಂಗದ ಭಾರವನ್ನೂ ಅದರ ಕೆಳಬದಿಗೆ ಇಳಿಯಗೊಡುವುದು, ‘ಕಿ’ಯನ್ನು, ಅಂದರೆ ಪ್ರಾಣಶಕ್ತಿಯನ್ನು, ಹೊರಗೆ ಹರಿಸುವುದು. ‘ಬಗ್ಗದ ತೋಳು’ ಎಂಬ ಅವರ ಪ್ರಯೋಗವನ್ನು ಅನೇಕರು ಪವಾಡವೆಂದು ಭಾವಿಸುತ್ತಾರೆ: ಮುಷ್ಟಿ ಬಿಗಿದು ತೋಳು ಗಟ್ಟಿಮಾಡಿದವರ ಮೊಣಕೈಯನ್ನು ಇನ್ನೊಬ್ಬರು ಸುಲಭವಾಗಿ ಮಡಿಸುತ್ತಾರೆ, ಬೆರಳು ಬಿಡಿಸಿ ದೂರದ ಗೋಡೆಯತ್ತ ನೀರು ಹರಿದಂತೆ ಕಲ್ಪಿಸಿಕೊಂಡವರ ಮೊಣಕೈ ಮಡಿಯುವುದಿಲ್ಲ. ಇದರ ಹಿಂದೆ ಮೇಲೆ ಹೇಳಿದ ಎರಡು ಎತ್ತುಗಳ ಕಥೆಯೇ ಇದೆ. ತೋಳು ಗಟ್ಟಿಮಾಡಿದಾಗ ಮಡಿಸುವ ಸ್ನಾಯುವೂ ಬಿಗಿಯಾಗಿ, ಮಡಿಸಲು ಬಂದವರಿಗೇ ನೆರವಾಗುತ್ತದೆ. ನೀರಿನ ಕಲ್ಪನೆ ಅದನ್ನು ಸುಮ್ಮನಿರಿಸಿ ಚಾಚುವ ಸ್ನಾಯುವನ್ನು ಮಾತ್ರ ಉಳಿಸುತ್ತದೆ. ಯಂತ್ರಶಾಸ್ತ್ರ ತಿಳಿಯಿತೆಂದು ಆ ಕಲ್ಪನೆಯನ್ನು ಕೈಬಿಡಬೇಕಿಲ್ಲ. ‘ಹಿಂದಿನ ಸ್ನಾಯುವನ್ನು ಬಿಗಿದು ಮುಂದಿನದನ್ನು ಬಿಡು’ ಎಂಬ ಅಪ್ಪಣೆಯನ್ನು ಮೈ ಪಾಲಿಸಲಾರದು, ‘ನೀರು ಹರಿಯಲಿ’ ಎಂಬುದನ್ನು ಪಾಲಿಸುತ್ತದೆ.

ಭಾರ ಕೆಳಬದಿಗಿಳಿಯುವ ಮಾತೂ ಹೀಗೆಯೇ. ಮನುಷ್ಯನ ಒಂದು ತೋಳು ಮೈತೂಕದ ಸುಮಾರು 5 ಶೇಕಡ ತೂಗುತ್ತದೆ; 60 ಕಿಲೋ ಮನುಷ್ಯನಿಗೆ ಸುಮಾರು 3 ಕಿಲೋ. ಭುಜ ಬಿಗಿದಿರುವವರೆಗೆ ಈ ಭಾರವನ್ನು ನಾನೇ ಹೊತ್ತಿರುತ್ತೇನೆ. ಭುಜ ಬಿಟ್ಟರೆ ಎರಡು ತೋಳುಗಳ 6 ಕಿಲೋದಲ್ಲಿ ಒಂದು ಪಾಲು ಎದುರಾಳಿಯ ಎದೆಗೆ ಜೋತುಬೀಳುತ್ತದೆ. ಅಷ್ಟರಿಂದಲೇ ಆತ ಬೀಳುವುದಿಲ್ಲ. ಆದರೆ ಅದನ್ನು ಸರಿದೂಗಿಸಲು ಆತ ತನಗೆ ಗೊತ್ತಿಲ್ಲದೆ ತುಸು ಹಿಂದಕ್ಕೆ ವಾಲುತ್ತಾನೆ, ಬೆನ್ನಿಗೆ ಬಿಗಿ ತಂದುಕೊಳ್ಳುತ್ತಾನೆ. ಆಗ ಆ ಭಾರವನ್ನು ಥಟ್ಟನೆ ತೆಗೆದರೆ ಹಿಂದಿನ ದಿಕ್ಕಿನ ಎಸೆತಕ್ಕೆ ಅರ್ಧ ದಾರಿ ಆತನೇ ಹೋಗಿರುತ್ತಾನೆ.

ಇದೆಲ್ಲದರಿಂದ ಬಲವೇ ಬೇಡ, ಮೈತೂಕದ ಅಂತರ ಲೆಕ್ಕಕ್ಕಿಲ್ಲ ಎಂದು ಹೇಳುವುದು ಕಲಿಯುವವರಿಗೆ ಮಾಡುವ ವಂಚನೆ. ಜೂಡೊ ಒಲಿಂಪಿಕ್ಸ್‌ಗೆ ಬಂದ 1964ರಲ್ಲಿ, ಟೋಕಿಯೊದ ನಿಪ್ಪಾನ್ ಬುಡೊಕಾನ್ ಅಂಗಣದಲ್ಲಿ, ತೂಕದ ಮಿತಿಯಿಲ್ಲದ ವಿಭಾಗದ ಅಂತಿಮ ಪಂದ್ಯವನ್ನು ಗೆದ್ದವರು ಜಪಾನಿನ ಕಾಮಿನಾಗಾ ಅಕಿಯೊ ಅಲ್ಲ, 198 ಸೆಂಟಿಮೀಟರ್ ಎತ್ತರದ ನೆದರ್ಲೆಂಡ್ಸಿನ ಆಂಟನ್ ಗೇಸಿಂಕ್. ಪಂದ್ಯ ಮುಗಿದದ್ದು ನೆಲದ ಮೇಲಿನ ಹಿಡಿತದಲ್ಲಿ. ಮೃದುತ್ವ ಸೋತಿತೆಂದು ಆಗ ಮರುಗಿದವರಿದ್ದರು, ಆದರೆ ಗೇಸಿಂಕ್ ಬರೀ ದೈತ್ಯರಾಗಿರಲಿಲ್ಲ. ಜಪಾನಿನಲ್ಲಿ ಅಭ್ಯಾಸ ಮಾಡಿ ಕಲೆಯನ್ನು ಚೆನ್ನಾಗಿ ಅರಿತಿದ್ದ ದೈತ್ಯರಾಗಿದ್ದರು. ಸಡಿಲವಾಗಿರುವುದನ್ನು ಕಲಿಯಬಲ್ಲವರು ಹಗುರವಾದವರು ಮಾತ್ರವೇ ಎಂದೇನಿಲ್ಲ. ಇಬ್ಬರೂ ಸಮಾನವಾಗಿ ಕಲಿತಿದ್ದರೆ ಭಾರವಾದವರ ಕೈ ಮೇಲಾಗುತ್ತದೆ, ಆದ್ದರಿಂದಲೇ ಸ್ಪರ್ಧೆಗಳಲ್ಲಿ ತೂಕದ ವಿಭಾಗಗಳಿವೆ. ಸಡಿಲತೆ ಭರವಸೆ ಕೊಡುವುದು ಇಷ್ಟನ್ನು ಮಾತ್ರ: ಇರುವ ಭಾರ ಎಷ್ಟಿದೆಯೋ ಅಷ್ಟೂ ಕೆಲಸಕ್ಕೆ ಬರುತ್ತದೆ.

ಇನ್ನು ಇದನ್ನು ಕಲಿಯುವ ಬಗೆ. ಬಿಗಿಯ ಬೇರು ಇರುವುದು ಬೀಳುವ ಭಯದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ, ಆದ್ದರಿಂದ ಸಡಿಲತೆಯ ಅಭ್ಯಾಸ ಎಸೆಯುವುದರಿಂದ ಶುರುವಾಗುವುದಿಲ್ಲ, ಬೀಳುವುದರಿಂದ ಶುರುವಾಗುತ್ತದೆ. ‘ಉಕೆಮಿ’ ಎಂಬ ಬೀಳುವ ವಿದ್ಯೆಯಲ್ಲಿ ಗದ್ದವನ್ನು ಎದೆಗೆ ಒತ್ತಿ ತಲೆಯನ್ನು ಕಾಪಾಡಿಕೊಂಡು, ಬೆನ್ನನ್ನು ಗುಂಡಾಗಿಸಿ, ನೆಲ ಮುಟ್ಟುವ ಹೊತ್ತಿಗೆ ತೋಳಿನಿಂದ ಚಾಪೆಯನ್ನು ಬಡಿದು, ಹೊಡೆತವನ್ನು ಮೈಯ ದೊಡ್ಡ ಭಾಗಕ್ಕೆ ಹಂಚುತ್ತಾರೆ. ಬಿಗಿದ ಮೈ ನೆಲಕ್ಕೆ ಮೂಲೆಗಳಿಂದ ಬಡಿಯುತ್ತದೆ; ಹೆದರಿ ಕೈಯೂರಿದವರ ಮಣಿಕಟ್ಟು, ಮೊಣಕೈಗಳು ಗಾಯಗೊಳ್ಳುತ್ತವೆ. ತಲೆಗೆ ಪೆಟ್ಟಾಗುವ ಅಪಾಯ ನಿಜವಾದದ್ದು, ಅದರಲ್ಲೂ ಹಿಂದಕ್ಕೆ ಬೀಳಿಸುವ ‘ಒಸೊತೊ ಗಾರಿ’ಯಂಥ ಎಸೆತಗಳಲ್ಲಿ. ಹಾಗಾಗಿ ಹೊಸಬರಿಗೆ ಉಕೆಮಿ ಮೈಗೂಡುವ ಮೊದಲು ಎಸೆತ ಕಲಿಸುವ ತರಗತಿ ಎಷ್ಟೇ ಹೆಸರುವಾಸಿಯಾಗಿದ್ದರೂ ಅಲ್ಲಿಂದ ಹೊರಬರುವುದು ಮೇಲು.

ಬೀಳುವುದು ಅಭ್ಯಾಸವಾದ ಮೇಲೆ ಜೊತೆಗಾರರೊಡನೆ ಅಂಗಿ ಹಿಡಿದು, ಯಾರೂ ಯಾರನ್ನೂ ಕೆಡವದೆ, ಚಾಪೆಯ ಮೇಲೆ ಹಿಂದೆ ಮುಂದೆ ನಡೆಯುವ ಅಭ್ಯಾಸಕ್ಕೆ ನಾನು ಅತಿ ಹೆಚ್ಚು ಬೆಲೆ ಕೊಡುತ್ತೇನೆ. ಕಣ್ಣು ಮುಚ್ಚಿಕೊಂಡು, ಅವರ ಭಾರ ಈಗ ಎಡಗಾಲಿಗೆ ಬಂತು, ಈಗ ಬಲಗಾಲಿಗೆ ಎಂದು ಬಾಯಿಬಿಟ್ಟು ಹೇಳುತ್ತ ಹೋಗಬೇಕು. ತಪ್ಪಿದರೆ ಜೊತೆಗಾರರು ತಿದ್ದಬೇಕು. ಮೊದಲ ವಾರಗಳಲ್ಲಿ ಬಹುಪಾಲು ತಪ್ಪೇ. ಭುಜ ಏರಿದ್ದನ್ನು ಗಮನಿಸಿ ಇಳಿಸಿದ ದಿನ ತಪ್ಪು ಕಡಿಮೆಯಾಗುತ್ತದೆ. ಆಮೇಲೆ ಎಂದೋ ಒಂದು ಸಂಜೆ, ಹಾಗೆ ನಡೆಯುತ್ತಿರುವಾಗ, ಅವರ ಪಾದಕ್ಕೆ ಭಾರ ಇಳಿಯುವ ಹೊತ್ತಿಗೆ ನಮ್ಮ ಪಾದ ಅಲ್ಲಿಗೆ ಹೋಗಿ ಗುಡಿಸಿರುತ್ತದೆ. ಅವರು ಚಾಪೆ ಬಡಿದ ಸದ್ದು ಕೇಳಿಸುತ್ತದೆ. ಕೈಯಲ್ಲಿ ಹೇಳಿಕೊಳ್ಳುವಂಥ ಭಾರವೇನೂ ತಿಳಿದಿರುವುದಿಲ್ಲ. ನನಗೆ ಮೊದಲ ಸಲ ಹಾಗಾದಾಗ, ಬಿದ್ದಿದ್ದ ಜೊತೆಗಾರರನ್ನು ಎಬ್ಬಿಸುತ್ತ ‘ನೀವೇ ಹಾರಿದಿರಾ?’ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿ, ಅವರು ಮತ್ತೆ ನನ್ನ ಕೊರಳಪಟ್ಟಿ ಹಿಡಿದರು.